ಅಡಿಗೆ ಕೋಣೆಗೆ ಕೇಳಿಸುವ ಉಮಾಶ್ರೀ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ವಾಚನಾಲಯದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಹೊರಗೆ ಮಳೆ. ಅದರ ಮೇಲೆ ಇದು ಧಾರಾವಾಹಿಯ ಹೊತ್ತು. ಧಾರಾವಾಹಿ ಬಿಟ್ಟು ಧಾರಾವಾಹಿಯ ನಟಿಯ ಬಗ್ಗೆ ಕೇಳಲಿಕ್ಕೆ ಇಷ್ಟು ಜನ ಬಂದಿದ್ದೀರಿ. ಇದು ಸಣ್ಣ ತ್ಯಾಗ ಅಲ್ಲ ಅಂತ ನನಗೆ ಗೊತ್ತಿದೆ. ಬೇಗ ಮುಗಿಸುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಕರೆಂಟು ಹೋದರೆ ನಿಲ್ಲಿಸುತ್ತೇನೆ.

ನಮ್ಮ ಚಿಕ್ಕಮ್ಮನಿಂದ ಶುರುಮಾಡುತ್ತೇನೆ. ಅವರು ಟಿವಿ ನೋಡುವವರಲ್ಲ, ಕೇಳುವವರು. ಟಿವಿ ಇರುವುದು ಚಾವಡಿಯಲ್ಲಿ, ಅವರು ಇರುವುದು ಅಡಿಗೆ ಕೋಣೆಯಲ್ಲಿ. ಅಡಕೆ ಸುಲಿಯುವ ಕಾಲದಲ್ಲಿ ಚಾವಡಿಗೇ ಬಂದು ಕೂರುತ್ತಾರೆ, ಆದರೆ ಕಣ್ಣು ಅಡಕೆಯ ಮೇಲೆಯೇ. ಒಮ್ಮೆ, ಉಮಾಶ್ರೀ ಪುಟ್ಟಕ್ಕ ಆಗಿರುವ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಬರುತ್ತಿದ್ದಾಗ, ಸುಮ್ನೆ ಕೇಳಿದೆ, "ಚಿಕ್ಕಮ್ಮಾ, ಇವತ್ತು ಪುಟ್ಟಕ್ಕ ಯಾವ ಬಣ್ಣದ ಸೀರೆ ಉಟ್ಟಿದ್ದಾಳೆ?" ಅವರಿಗೆ ಗೊತ್ತಿರಲಿಲ್ಲ. ಆದರೆ, "ಅವಳು ನಗಾಡಿಕೊಂಡು ಮಾತಾಡ್ತಾ ಇದ್ದಾಳೆ, ಒಳಗೆ ಏನೋ ಆಗಿದೆ" ಅಂದರು. ಕತೆ ಅಲ್ಲಿಗೆ ಬಂದದ್ದು ಎರಡು ದಿನ ಕಳೆದ ಮೇಲೆ. ಚಿಕ್ಕಮ್ಮನಿಗೆ ದನಿಯಲ್ಲೇ ಸುದ್ದಿ ಸಿಕ್ಕಿತ್ತು.

ಬೀಡಿ ಕಟ್ಟುವ ಮನೆಗಳಲ್ಲೂ ಹೀಗೆಯೇ ಅಲ್ವಾ? ಕೈಗೆ ಕೆಲಸ, ಕಣ್ಣಿಗೂ ಕೆಲಸ. ಖಾಲಿ ಇರುವುದು ಕಿವಿ ಮಾತ್ರ. ಕನ್ನಡ ಧಾರಾವಾಹಿಯ ಅರ್ಧ ಪ್ರೇಕ್ಷಕರು ಪ್ರೇಕ್ಷಕರೇ ಅಲ್ಲ, ಶ್ರೋತೃಗಳು ಅಂತ ನನಗೆ ಅನಿಸುವುದು ಇದಕ್ಕೇ. ಹಾಗಿದ್ದರೆ ಕಿವಿಗೆ ನಟಿಸಲು ಬಲ್ಲವರು ಯಾರು? ನನ್ನ ಮಟ್ಟಿಗೆ ಉಮಾಶ್ರೀ. ಇವತ್ತಿನ ಮಾತು ಇಷ್ಟೇ.

ಕಿವಿಯಿಂದ ನಟನೆ ಅಳೆಯುವುದು ನಮ್ಮ ಊರಿಗೆ ಹೊಸದಲ್ಲ. ತಾಳಮದ್ದಳೆ ಅಂದರೆ ಕೂತು ಮಾತಾಡುವ ಯಕ್ಷಗಾನ. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಪರದೆ ಇಲ್ಲ. ಶರ್ಟು ಹಾಕಿ ಶಾಲು ಹೊದ್ದು ಕೂತ ಮನುಷ್ಯ ಮಾತಿನಲ್ಲೇ ರಾವಣ ಆಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು, ಕೇಳಿದ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ಕಣ್ಣು ಮುಚ್ಚಿ ಕೇಳುತ್ತಿದ್ದೆವು ಅನ್ನುತ್ತಾರೆ. ನಿದ್ದೆ ಬಂದದ್ದೂ ಇರಬಹುದು, ಅದು ಬೇರೆ ವಿಷಯ. ಆದರೆ ದನಿ ಸ್ವಲ್ಪ ಸುಳ್ಳಾದರೂ ಎಚ್ಚರ ಆಗುತ್ತಿತ್ತು. ಅಂಥ ಕಿವಿಗಳ ಊರಿದು.

ಈಗ ಉಮಾಶ್ರೀ. ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲೂಕಿನ ನೊಣವಿನಕೆರೆಯಲ್ಲಿ, ನೇಕಾರರ ಮನೆತನದಲ್ಲಿ. ತೆಂಗು, ರಾಗಿ, ಮಗ್ಗದ ಸೀಮೆ. ರಂಗಭೂಮಿಗೆ ಬಂದರು, ಅಲ್ಲಿಂದ ಸಿನಿಮಾಕ್ಕೆ. ಹೆಸರು ಮಾಡಿದ್ದು 1984ರ 'ಅನುಭವ'ದಲ್ಲಿ, ಕಾಶೀನಾಥ್ ನಿರ್ದೇಶನ. ಆಮೇಲೆ ವರ್ಷಗಟ್ಟಲೆ ಹಾಸ್ಯದ ಪಾತ್ರಗಳು. ಎನ್.ಎಸ್. ರಾವ್ ಜೊತೆಗಿನ ಅವರ ಜೋಡಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಆ ಹಾಸ್ಯದ ಬಗ್ಗೆ ನಾನು ಮುಚ್ಚುಮರೆ ಮಾಡುವುದಿಲ್ಲ. ಎರಡೆರಡು ಅರ್ಥದ ಮಾತುಗಳು ಅದರಲ್ಲಿ ಬೇಕಾದಷ್ಟಿದ್ದವು. ಮನೆಯ ಹಿರಿಯರ ಜೊತೆ ಕೂತು ನೋಡುವಾಗ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಬೇಕಾಗುತ್ತಿತ್ತು. ಬರೆದವರು ಗಂಡಸರು, ನಿರ್ದೇಶಿಸಿದವರು ಗಂಡಸರು, ಶಿಳ್ಳೆ ಹೊಡೆದವರೂ ಗಂಡಸರು. ಹೆಸರು ಕೆಡಿಸಿಕೊಂಡದ್ದು ಮಾತ್ರ ಆ ಮಾತನ್ನು ಆಡಿದ ಹೆಂಗಸು. ಈ ಲೆಕ್ಕ ನನಗೆ ಯಾವತ್ತೂ ಸರಿ ಕಂಡಿಲ್ಲ.

ಆದರೆ ಆ ಸಿನಿಮಾಗಳನ್ನು ಈಗ ಮತ್ತೆ ನೋಡಿ. ನೋಡುವುದೂ ಬೇಡ, ಪಕ್ಕದ ಕೋಣೆಯಲ್ಲಿ ಕೂತು ಕೇಳಿ. ಮಾತು ಸಾಧಾರಣ. ಮಾತಿನ ಕೊನೆಯನ್ನು ಅವರು ಎಲ್ಲಿ ಎಳೆಯುತ್ತಾರೆ, ಎಲ್ಲಿ ಕತ್ತರಿಸುತ್ತಾರೆ, ಎದುರಿನವನ ಮಾತು ಮುಗಿಯುವ ಎಷ್ಟು ಮೊದಲು ಬಾಯಿ ಹಾಕುತ್ತಾರೆ, ಅದನ್ನು ಗಮನಿಸಿ. ತಾಳ ತಪ್ಪುವುದೇ ಇಲ್ಲ. ನಮ್ಮ ಯಕ್ಷಗಾನ ಮೇಳದ ಹಾಸ್ಯಗಾರರಿಗೆ ಇದರ ಬೆಲೆ ಗೊತ್ತು. ರಾಜವೇಷ ಅರ್ಧ ಕ್ಷಣ ತಡ ಮಾಡಿದರೆ ಗಾಂಭೀರ್ಯ ಅನ್ನುತ್ತೇವೆ. ಹಾಸ್ಯಗಾರ ತಡ ಮಾಡಿದರೆ ಸಭೆ ಎದ್ದು ಚಾಯ ಕುಡಿಯಲು ಹೋಗುತ್ತದೆ.

ಇದೇ ನಟಿ ರಂಗದ ಮೇಲೆ ಸಾಕವ್ವ ಆದರು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

'ಒಡಲಾಳ' ದೇವನೂರ ಮಹಾದೇವ ಅವರ ಕೃತಿ. ಸಿ.ಜಿ. ಕೃಷ್ಣಸ್ವಾಮಿ ಅದನ್ನು ನಾಟಕ ಮಾಡಿಸಿದರು. ಸಿಜಿಕೆ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಕತೆ ಅಂತ ಹೇಳಿದರೆ ತುಂಬ ಸಣ್ಣದು. ದಲಿತರ ಕೇರಿಯ ಒಬ್ಬ ಮುದುಕಿ, ಸಾಕವ್ವ. ಅವಳ ಹುಂಜ ಕಳೆದುಹೋಗಿದೆ, ಹುಡುಕುತ್ತಿದ್ದಾಳೆ. ಅದೇ ಹೊತ್ತಿಗೆ ಮನೆಗೆ ಕಡಲೆಕಾಯಿಯ ಮೂಟೆ ಬರುತ್ತದೆ. ಸಾಹುಕಾರನದ್ದು, ಕದ್ದದ್ದು. ರಾತ್ರಿಯಿಡೀ ಮನೆಯವರೆಲ್ಲ ಸುತ್ತ ಕೂತು ಸುಲಿದು ತಿನ್ನುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ.

ಸಾಕವ್ವನ ಮಾತು ನಂಜನಗೂಡು ಕಡೆಯದ್ದು. ತಿಪಟೂರು ಕಡೆಯ ಹೆಣ್ಣುಮಗಳಿಗೆ ಅದು ಮನೆಮಾತಲ್ಲ. ಕುಂಬಳೆಯವರು ಧಾರವಾಡದ ಮಾತು ಆಡಲು ಹೊರಟರೆ ಹೇಗಿರುತ್ತದೆ, ಯೋಚಿಸಿ. ನಾಲ್ಕು ವಾಕ್ಯ ಅನುಕರಣೆ ಮಾಡಿ ನಗಿಸಬಹುದು. ಒಂದೂವರೆ ಗಂಟೆ ಅದರಲ್ಲೇ ಬೈಯಬೇಕು, ಮುದ್ದು ಮಾಡಬೇಕು, ಹೆದರಬೇಕು, ಹೆದರಿಕೆ ತೋರಿಸದೆ ಇರಬೇಕು ಅಂದರೆ ಅದು ಅನುಕರಣೆಯಿಂದ ಆಗುವ ಕೆಲಸವಲ್ಲ. ಮುದುಕಿಯ ಪಾತ್ರ ಹೊತ್ತಾಗ ಉಮಾಶ್ರೀ ಮುದುಕಿಯೂ ಆಗಿರಲಿಲ್ಲ. ಸಿನಿಮಾದಲ್ಲಿ ಅವರನ್ನು ನೋಡಿ ನಗುತ್ತಿದ್ದವರೇ ನಾಟಕ ನೋಡಿ ಸುಮ್ಮನಾದರು. ಹುಂಜಕ್ಕಾಗಿ ಕೂಗಾಡುವ ಮುದುಕಿಯನ್ನು ಕಂಡು ಮೊದಲು ನಗು ಬರುತ್ತದೆ. ಆ ಹುಂಜವೇ ಅವಳ ಆಸ್ತಿ ಅಂತ ಹೊಳೆದ ಮೇಲೆ, ನಕ್ಕದ್ದಕ್ಕೆ ನಾಚಿಕೆ ಆಗುತ್ತದೆ. ಹಾಸ್ಯ ಕಲಿಯದವರಿಗೆ ಈ ಪಾತ್ರ ದಕ್ಕುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ. ನಗಿಸುವ ಜಾಗ ಗೊತ್ತಿದ್ದವರಿಗೇ ನಗು ನಿಲ್ಲಿಸುವ ಜಾಗವೂ ಗೊತ್ತಿರುತ್ತದೆ.

ಇನ್ನು ಗುಲಾಬಿ. 'ಗುಲಾಬಿ ಟಾಕೀಸು', 2008, ಗಿರೀಶ್ ಕಾಸರವಳ್ಳಿ. ವೈದೇಹಿಯವರ ಕತೆಯಿಂದ ಹುಟ್ಟಿದ ಸಿನಿಮಾ. ನಡೆಯುವುದು ನಮ್ಮದೇ ಕರಾವಳಿಯಲ್ಲಿ, ಸ್ವಲ್ಪ ಬಡಗಿಗೆ. ಗುಲಾಬಿ ಮುಸ್ಲಿಂ ಹೆಂಗಸು, ಸೂಲಗಿತ್ತಿ. ಸಿನಿಮಾ ಹುಚ್ಚು ಎಷ್ಟೆಂದರೆ ಟಾಕೀಸಿನಿಂದ ಅವಳನ್ನು ಎಬ್ಬಿಸಿಕೊಂಡು ಹೋಗಿ ಹೆರಿಗೆ ಮಾಡಿಸಬೇಕು. ಆ ಹೆರಿಗೆಗೆ ಉಡುಗೊರೆಯಾಗಿ ಅವಳಿಗೆ ಸಿಗುವುದು ಟಿವಿ, ಡಿಶ್ ಆಂಟೆನಾ ಸಮೇತ. ಬಡ ಸೂಲಗಿತ್ತಿಯ ಗುಡಿಸಲಿಗೆ ಅಕ್ಕಪಕ್ಕದ ಹೆಂಗಸರು ಬಂದು ಕೂರಲು ಶುರುಮಾಡುತ್ತಾರೆ. ಜಾತಿ, ಧರ್ಮ, ಮೀನುಗಾರಿಕೆಯ ಜಗಳ, ಕಾರ್ಗಿಲ್ ಯುದ್ಧದ ಕಾಲದ ಸಂಶಯ, ಎಲ್ಲ ಆ ಟಿವಿಯ ಸುತ್ತ ಬಂದು ನಿಲ್ಲುತ್ತವೆ. ಗುಲಾಬಿಯನ್ನು ಕೊನೆಗೆ ಊರು ಬಿಡಿಸುತ್ತಾರೆ.

ಈ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು, ಅತ್ಯುತ್ತಮ ನಟಿ. ಎರಡೆರಡು ಅರ್ಥದ ನಟಿ ಅಂತ ಮೂಗು ಮುರಿದಿದ್ದ ಪತ್ರಿಕೆಗಳೂ ಆವತ್ತು ದೊಡ್ಡ ಫೋಟೋ ಹಾಕಿದವು.

ನಮ್ಮ ಊರಲ್ಲಿ ಟಿವಿ ಬಂದದ್ದು ನೆನಪು ಮಾಡಿಕೊಳ್ಳಿ. ಊರಿಗೊಂದು ಮನೆಯಲ್ಲಿ ಇರುತ್ತಿತ್ತು. ಭಾನುವಾರ ಆ ಮನೆಯ ಜಗಲಿ ತುಂಬುತ್ತಿತ್ತು. ಯಾರು ಒಳಗೆ ಕೂರಬಹುದು, ಯಾರು ಅಂಗಳದಲ್ಲಿ ನಿಂತು ಕಿಟಕಿಯಿಂದ ನೋಡಬೇಕು ಅಂತ ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಅಂಗಳದಲ್ಲಿ ನಿಂತವರಿಗೆ ಚಿತ್ರ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಕೇಳಿ ನೋಡುವ ಅಭ್ಯಾಸ ಕೆಲವರಿಗೆ ಅಡಿಗೆ ಕೆಲಸದಿಂದ ಬಂತು, ಕೆಲವರಿಗೆ ಹೀಗೆ ಬಂತು.

ರಾಜಕೀಯದ ಬಗ್ಗೆ ಎರಡೇ ಮಾತು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಗೆದ್ದು ಶಾಸಕಿ ಆದರು, ಕನ್ನಡ ಮತ್ತು ಸಂಸ್ಕೃತಿ ಸಚಿವೆಯೂ ಆದರು. ರಬಕವಿ-ಬನಹಟ್ಟಿ ಸೇರಿ ಅದು ನೇಕಾರರ ಸೀಮೆ, ಹುಟ್ಟಿದ ಮನೆಯ ಮಗ್ಗದ ನಂಟು ಅಲ್ಲಿ ಕೆಲಸಕ್ಕೆ ಬಂದಿರಬೇಕು. 2018ರಲ್ಲಿ ಸೋತರು. ನಾನು ಅಭಿನಯದ ಬಗ್ಗೆ ಮಾತಾಡಲು ಬಂದವನು, ಇಲ್ಲಿಗೆ ಬಿಡುತ್ತೇನೆ. ಒಂದು ಮಾತ್ರ ಹೇಳಬೇಕು. ಅಧಿಕಾರ ಹೋದ ಮೇಲೆ ಅವರು ಹಿಂತಿರುಗಿದ್ದು ರಂಗಕ್ಕೆ. 'ಶರ್ಮಿಷ್ಠೆ' ಏಕವ್ಯಕ್ತಿ ನಾಟಕ, ಬೇಲೂರು ರಘುನಂದನ್ ಬರೆದದ್ದು, ಚಿದಂಬರರಾವ್ ಜಂಬೆ ನಿರ್ದೇಶನ. ಎದುರಿಗೆ ಇನ್ನೊಬ್ಬ ನಟ ಇಲ್ಲ, ಮಾತು ಮರೆತರೆ ಎತ್ತಿಕೊಡುವವರಿಲ್ಲ. ಅರವತ್ತು ದಾಟಿದ ಮೇಲೆ ಇದು.

ಪುಟ್ಟಕ್ಕನಿಗೆ ಬರುತ್ತೇನೆ. ಇಲ್ಲದಿದ್ದರೆ ಹಿಂದಿನ ಸಾಲಿನ ಹೆಂಗಸರು ನನ್ನನ್ನು ಬಿಡುವುದಿಲ್ಲ.

'ಪುಟ್ಟಕ್ಕನ ಮಕ್ಕಳು' ಜೀ ಕನ್ನಡದಲ್ಲಿ 2021ರ ಡಿಸೆಂಬರಿನಲ್ಲಿ ಶುರುವಾಯಿತು. ನಿರ್ದೇಶಕರು ಆರೂರು ಜಗದೀಶ್. ಮೂವರು ಹೆಣ್ಣುಮಕ್ಕಳ ತಾಯಿ, ಗಂಡ ಬೇರೆ ಮದುವೆಯಾಗಿ ಕೈಬಿಟ್ಟಿದ್ದಾನೆ, ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಕತೆಯಲ್ಲಿ ಎಲ್ಲ ಧಾರಾವಾಹಿಯ ಹಾಗೆ ವಿಷ ಇದೆ, ಅಪಹರಣ ಇದೆ, ಬಾಗಿಲ ಹಿಂದೆ ನಿಂತು ಕೇಳುವವರು ಇದ್ದಾರೆ. ಅದನ್ನೆಲ್ಲ ನಾನು ಹೊಗಳುವುದಿಲ್ಲ. ಒಂದು ಕಣ್ಣೀರಿಗೆ ಮೂರು ಸಲ ಗುಡುಗು ಬೇಕಾ?

ಆದರೆ ಗುಡುಗಿನ ಮಧ್ಯೆ ಒಂದು ದನಿ ಇದೆ. ಹಳೇ ಮೈಸೂರು ಕಡೆಯ ಹಳ್ಳಿ ಮಾತು. ಸಾಕವ್ವನ ದನಿ ಅಲ್ಲ, ಗುಲಾಬಿಯದ್ದಂತೂ ಅಲ್ಲ. ಗ್ರಾಹಕನ ಹತ್ತಿರ ಒಂದು ಸ್ವರ, ಮಗಳ ಹತ್ತಿರ ಒಂದು, ಒಲೆಯ ಮುಂದೆ ಒಬ್ಬಳೇ ಇದ್ದಾಗ ಇನ್ನೊಂದು. ಧಾರಾವಾಹಿಯಲ್ಲಿ ತಾಲೀಮಿಗೆ ಸಮಯ ಸಿಗುವುದು ಕಡಿಮೆ. ಸಂಭಾಷಣೆ ಬಂದ ದಿನವೇ ಚಿತ್ರೀಕರಣ ಮುಗಿಯಬೇಕು, ದಿನಕ್ಕೊಂದು ಕಂತು ಹೋಗಲೇಬೇಕು. ನಾಟಕದ ಹಾಗೆ ತಿಂಗಳುಗಟ್ಟಲೆ ಒಂದು ಮಾತನ್ನು ಉಜ್ಜಿ ನಯ ಮಾಡುವ ಅವಕಾಶ ಇಲ್ಲ. ಅಲ್ಲಿ ಖರ್ಚಾಗುವುದು ಮೊದಲೇ ಕೂಡಿಟ್ಟದ್ದು. ನಾಟಕದಲ್ಲಿ ಕೂಡಿಟ್ಟದ್ದನ್ನು ಉಮಾಶ್ರೀ ಟಿವಿಯಲ್ಲಿ ದಿನಾ ಒಂದಿಷ್ಟು ತೆಗೆದು ಬಳಸಿದರು.

ಇದು ನಮಗೆ ಯಾಕೆ ಮುಖ್ಯ ಅಂದರೆ, ಗಡಿಯಾಚೆ ಉಳಿದ ನಮ್ಮ ಕನ್ನಡ ಸ್ವಲ್ಪ ಬೇರೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ. ಪೇಟೆಯಲ್ಲಿ, ಆಫೀಸಿನಲ್ಲಿ ಮಲಯಾಳ. ಕನ್ನಡ ಕಲಿತದ್ದು ಶಾಲೆಯಲ್ಲಿ. ಹಾಗಾಗಿ ನಾವು ಪುಸ್ತಕದ ಕನ್ನಡ ಮಾತಾಡುತ್ತೇವೆ. ಬೆಂಗಳೂರಿಗೆ ಹೋದರೆ "ಎಷ್ಟು ಶುದ್ಧವಾಗಿ ಮಾತಾಡ್ತೀರಿ" ಅನ್ನುತ್ತಾರೆ. ಅದು ಹೊಗಳಿಕೆಯಾ ಅಂತ ನನಗೆ ಯಾವಾಗಲೂ ಸಂಶಯ. ಬೈಯಲು ಬಾರದ, ಮುದ್ದು ಮಾಡಲು ಬಾರದ ಕನ್ನಡ ಅದು. ಬೈಯಬೇಕಾದರೆ ನಾವು ತುಳುವಿಗೆ ಹೋಗುತ್ತೇವೆ, ಅಲ್ವಾ? ಈಗ ಪಕ್ಕದ ಮನೆಯ ಹುಡುಗಿ, ಮಲಯಾಳ ಮಾಧ್ಯಮದಲ್ಲಿ ಓದುವವಳು, ಸಿಟ್ಟು ಬಂದಾಗ ತಮ್ಮನಿಗೆ "ಸುಮ್ಕಿರ್ಲಾ" ಅನ್ನುತ್ತಾಳೆ. ಅವಳ ಟೀಚರು ಕಲಿಸಿದ್ದಲ್ಲ, ನಾನು ಕಲಿಸಿದ್ದಲ್ಲ. ಕೇಳಿ ನನಗೆ ನಗು ಬಂತು. ಖುಷಿಯೂ ಆಯಿತು.

ಕೊನೆಯದಾಗಿ ಮಂಥರೆ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟ. ಶ್ರೀರಾಮ ಪಟ್ಟಾಭಿಷೇಕ. ಉಮಾಶ್ರೀ ಗೆಜ್ಜೆ ಕಟ್ಟಿ ಮಂಥರೆಯಾಗಿ ರಂಗಕ್ಕೆ ಬಂದರು. ಅರವತ್ತೇಳರ ವಯಸ್ಸಿನಲ್ಲಿ ಯಕ್ಷಗಾನ. ಪಟ್ಟಾಭಿಷೇಕ ಅಂದ ಕೂಡಲೇ ನಮ್ಮ ಮನಸ್ಸು ಕುಂಬಳೆಗೆ ಹೋಗುತ್ತದೆ, ಪಾರ್ತಿಸುಬ್ಬನ ಹತ್ತಿರ. ರಾಮಾಯಣವನ್ನು ಯಕ್ಷಗಾನ ಪ್ರಸಂಗ ಮಾಡಿ ಹಾಡಿಸಿದ ಕವಿ ನಮ್ಮ ಊರಿನವನು. ನಮ್ಮಲ್ಲಿ ವೃತ್ತಿ ಮೇಳದ ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡಿದ್ದು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಮಂಥರೆ ಮಾತ್ರ ಸ್ತ್ರೀವೇಷದವರಿಗೆ ಸಿಗುವುದು ಕಡಿಮೆ, ಹೆಚ್ಚಾಗಿ ಹಾಸ್ಯಗಾರರ ಪಾಲು. ಗೂನು ಬೆನ್ನಿನ ಮುದುಕಿ ಜನರನ್ನು ನಗಿಸುತ್ತಾ ನಗಿಸುತ್ತಾ ಕೈಕೇಯಿಯ ಕಿವಿ ಕಚ್ಚುತ್ತಾಳೆ. ಅಲ್ಲಿಗೆ ರಾಮ ಕಾಡಿಗೆ. ಇಡೀ ರಾಮಾಯಣ ತಿರುಗುವುದು ಒಬ್ಬ ಹಾಸ್ಯ ಪಾತ್ರದ ಮಾತಿನಿಂದ, ಒಬ್ಬಳ ಕಿವಿಯ ಮೂಲಕ. ಈ ಪಾತ್ರ ಉಮಾಶ್ರೀ ಅವರಿಗೆ ಇಷ್ಟು ತಡವಾಗಿ ಸಿಕ್ಕಿತಲ್ಲ ಅಂತ ನನಗೆ ಬೇಸರ.

ಆ ಆಟದ ಒಂದು ತುಣುಕು ಫೋನಿಗೆ ಬಂತು. ಚಿಕ್ಕಮ್ಮನಿಗೆ ತೋರಿಸಲು ಹೋದೆ. ಅವರ ಕನ್ನಡಕ ಒಳಗಿತ್ತು, ತರಲು ಏಳಲಿಲ್ಲ. "ಕಿವಿಯ ಹತ್ತಿರ ಹಿಡಿ" ಅಂದರು. ಹಿಡಿದೆ. ಸ್ವಲ್ಪ ಹೊತ್ತು ಕೇಳಿದರು. ದಿನಾ ಪುಟ್ಟಕ್ಕನ ಉಸಿರಿನ ಲೆಕ್ಕ ಇಡುವವರು ಅವರು. "ಯಾರಿದು?" ಅಂತ ಕೇಳಿದರು.

ನಾನು ಇಷ್ಟು ಹೊತ್ತು ಹೇಳಿದ್ದಕ್ಕಿಂತ ದೊಡ್ಡ ಹೊಗಳಿಕೆ ಅದು.

ಮಂಥರೆಯನ್ನು ಹತ್ತಾರು ವರ್ಷ ಮಾಡಿದ ಹಿರಿಯ ಹಾಸ್ಯಗಾರರೊಬ್ಬರು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಬೇಡ ಅಂತ ಕೈಸನ್ನೆ ಮಾಡುತ್ತಿದ್ದಾರೆ, ಹೇಳುವುದಿಲ್ಲ. ಆದರೆ ಮೈಕು ಅವರ ಹತ್ತಿರ ಕಳಿಸುತ್ತೇನೆ. ಬೆನ್ನಿಗೆ ಗೂನು ಕಟ್ಟಿ ಬಗ್ಗಿದರೆ ಎದೆ ಒತ್ತಿ ದನಿ ಸಣ್ಣ ಆಗುತ್ತದೆ, ಆದರೂ ಕೊನೆಯ ಸಾಲಿನ ಅಜ್ಜಿಗೆ ಕೇಳಿಸಬೇಕು. ಅದು ಹೇಗೆ ಅಂತ ಅವರೇ ಹೇಳಲಿ. ಬನ್ನಿ, ಅಣ್ಣಾ.