ಗೆರೆ ಸುಲಭ ಅಂತ ಯಾರ್ರೀ ಹೇಳಿದ್ದು?

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ನೆಲಕ್ಕೆ ಟೈಲ್ಸ್ ಹಾಕೋದರಲ್ಲಿ ಗಣಿತ ಇದೆ, ಒಪ್ಪಿದೆ. ಬರೀ ಗೆರೆಗೆ ಹಾಕೋದರಲ್ಲಿ ಏನಿದೆ? ಒಂದರ ಪಕ್ಕ ಒಂದು ಇಟ್ಟರೆ ಮುಗೀತು." ಅದಕ್ಕೆ ಲೈಕ್ ಬೇರೆ!

ಮುಗಿಯಲ್ಲ ಸ್ವಾಮಿ. ಚೌಕದ ಲೆಕ್ಕದ ಪುಸ್ತಕ ತೆಗೀರಿ, ಒಂದೇ ಸಾಲು ಸಾಕು. ಎರಡು ಮನೆ ತುಂಬಿ, ಒಂದು ಬಿಡಿ, ಮುಂದಿನದು ತುಂಬಿ. ಇದೇ ಟೈಲ್. ಸರಿಸಬಹುದು, ತಿರುಗಿಸೋ ಹಾಗಿಲ್ಲ. ಈಗ ಆ ಖಾಲಿ ಮನೆ ತುಂಬಿ ನೋಡೋಣ. ಇನ್ನೊಂದು ಟೈಲಿನ ಮೊದಲನೇ ಮನೆ ಅಲ್ಲಿ ಕೂರಿಸಿದರೆ ಎರಡನೇದು ಡಿಕ್ಕಿ. ಎರಡನೇದು ಕೂರಿಸಿದರೆ ಮೊದಲನೇದು ಡಿಕ್ಕಿ. ಕೊನೇದು ಕೂರಿಸಿದರೂ ಎರಡನೇದು ಡಿಕ್ಕಿ. ಮೂರೇ ದಾರಿ, ಮೂರೂ ಬಂದ್!

ಅದೇ ಕೊನೇ ಮನೆಯನ್ನ ಇನ್ನೆರಡು ಮನೆ ಆಚೆ ತಳ್ಳಿ. ಮೊದಲ ಮನೆಗೆ 0 ಅಂತ ನಂಬರ್ ಕೊಟ್ಟರೆ, ತುಂಬಿದ ಮನೆಗಳು 0, 1, 5. ಮೂರರಿಂದ ಭಾಗಿಸಿದರೆ ಶೇಷ ಮೂರೂ ಬೇರೆ ಬೇರೆ. ಎರಡೂ ದಿಕ್ಕಿಗೆ ಮೂರು ಮೂರು ಮನೆ ಸರಿಸ್ತಾ ಹೋಗಿ, ಇಡೀ ಗೆರೆ ತುಂಬುತ್ತೆ. ತೂತು ದೊಡ್ಡದಾದ ಮೇಲೆ ತುಂಬಿತು! ಇದು ಸುಲಭಾನಾ?

ಗೆರೆ ನಮಗೆ ಹೊಸದೂ ಅಲ್ಲ. ಶಾಲೇಲಿ ಪ್ರಸ್ತಾರ ಹಾಕಿದ್ದೀರಲ್ಲ? ಲಘು ಒಂದು ಮಾತ್ರೆ, ಗುರು ಎರಡು. ಮೂರು ಮಾತ್ರೆ ತುಂಬೋಕೆ 3 ದಾರಿ, ನಾಲ್ಕಕ್ಕೆ 5, ಐದಕ್ಕೆ 8. ಫಿಬೊನಾಚಿ 1202ರಲ್ಲಿ ಬರೆಯೋ ಮೊದಲೇ ನಮ್ಮ ಛಂದಸ್ಸಿನ ಪಂಡಿತರು ವಿರಹಾಂಕ, ಹೇಮಚಂದ್ರ ಇದನ್ನ ಎಣಿಸಿಟ್ಟಿದ್ದರು. ಭಾಮಿನಿಯ ಮೂರು-ನಾಲ್ಕು, ಮೂರು-ನಾಲ್ಕು ಓಟವೂ ಗೆರೆ ತುಂಬೋ ಕೆಲಸಾನೇ. ಅದರ ಮೇಲೆ ಪೂರ್ತಿ ಎಪಿಸೋಡ್ ಮಾಡ್ತೀನಿ, ಸಬ್‌ಸ್ಕ್ರೈಬ್ ಆಗಿ.

"ಕಂಪ್ಯೂಟರ್‌ಗೆ ಕೊಟ್ಟರಾಯ್ತು" ಅಂತೀರಾ? ಕೊಡಿ! ಒಂದು ಟೈಲ್ ಗೆರೆ ತುಂಬಿದರೆ ಆ ಜೋಡಣೆ ಮರುಕಳಿಸಲೇಬೇಕು ಅಂತ ಗಣಿತಜ್ಞ ನ್ಯೂಮನ್ 1977ರಲ್ಲೇ ತೋರಿಸಿದ್ದಾರೆ, ಹಾಗಾಗಿ ಒಂದೊಂದು ಟೈಲಿಗೂ ತುಂಬುತ್ತೋ ಇಲ್ವೋ ಅನ್ನೋ ಉತ್ತರ ಸಿಗುತ್ತೆ. ನಾನು ಕೇಳ್ತಿರೋದು ನಿಯಮ ರೀ, ಎಲ್ಲ ಟೈಲಿಗೂ ಸಲ್ಲೋ ನಿಯಮ! ಮನೆಗಳ ಸಂಖ್ಯೆ ಒಂದೇ ಅವಿಭಾಜ್ಯದ ಘಾತ ಆಗಿದ್ದರೆ ನಿಯಮ ಕೊಟ್ಟಿದ್ದೂ ನ್ಯೂಮನ್ನೇ. ಆ ಸಂಖ್ಯೆಯ ಅಪವರ್ತನದಲ್ಲಿ ಎರಡು ಅವಿಭಾಜ್ಯ ಇದ್ದರೆ ಕೋವೆನ್, ಮೆಯರೋವಿಟ್ಜ್ ಸೇರಿ 1999ರಲ್ಲಿ ಮುಗಿಸಿದರು. ಮೂವತ್ತು ಮನೆ ತಗೊಳ್ಳಿ, ಎರಡು-ಮೂರು-ಐದು, ಮೂರು ಅವಿಭಾಜ್ಯ ಬಂತು. ಅವರ ಪ್ರಮೇಯ ಅಲ್ಲಿಗೆ ನಿಂತಿತು! ಲಾಬಾ, ಲಾಂಡ್ನರ್ ಈಚೆಗೆ ಕೆಲವು ಪ್ರಕರಣ ಗೆದ್ದಿದ್ದಾರೆ, ಪೂರ್ತಿ ಉತ್ತರ ಇನ್ನೂ ಯಾರ ಕೈಲೂ ಇಲ್ಲ.

ಗೆರೆ ರೀ, ಗೆರೆ! ಉದ್ದ ಬಿಟ್ಟರೆ ಏನೂ ಇಲ್ಲದ ಗೆರೆ! ಲೈಕ್ ಒತ್ತಿದವರೆಲ್ಲ ಇವತ್ತು ರಾತ್ರಿ ಪೆನ್ಸಿಲ್ ಹಿಡೀರಿ. ಎರಡು ತುಂಬಿ, ಒಂದು ಬಿಡಿ, ಒಂದು ತುಂಬಿ. ಆ ಒಂದು ಮನೆ ತುಂಬಿಸಿ ಫೋಟೋ ಕಳಿಸಿ.