ಮೆಟ್ರೋನಿಡಜೋಲ್: ಯಾವ ಭೇದಿಗೆ, ಎಷ್ಟು ದಿನ

ಕೇಳುಗರಿಗೆ ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಯಾವ ಮೆಡಿಕಲ್ ಶಾಪ್ ಮುಂದೆ ನಿಂತರೂ ‘ಹೊಟ್ಟೆ ಕೆಟ್ಟಿದೆ, ಎರಡು ಮಾತ್ರೆ ಕೊಡಿ’ ಎನ್ನುವ ಮಾತು ಕಿವಿಗೆ ಬೀಳುತ್ತದೆ. ಹಾಗೆ ಕೇಳಿ ಪಡೆಯುವವುಗಳಲ್ಲಿ ಮೆಟ್ರೋನಿಡಜೋಲ್ ಒಂದು. ಫ್ಲಾಜಿಲ್, ಮೆಟ್ರೋಜಿಲ್ ಎಂದರೆ ಇದೇ. ಒಳ್ಳೆಯ ಔಷಧ. ಆದರೆ ಎರಡು ಮಾತ್ರೆಯಲ್ಲಿ ಮುಗಿಯುವ ಕೆಲಸ ಇದರದ್ದಲ್ಲ.

ಆಮ್ಲಜನಕವಿಲ್ಲದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳ ಒಳಗೆ ಹೊಕ್ಕಾಗ ಮಾತ್ರ ಈ ಔಷಧ ರೂಪ ಬದಲಿಸಿ ಅವುಗಳ ಡಿಎನ್‌ಎಯನ್ನು ಹಾಳುಮಾಡುತ್ತದೆ. ಕರುಳಿನಲ್ಲಿ ಬೀಡುಬಿಡುವ ಪರಾವಲಂಬಿಗಳಾದ ಅಮೀಬಾ, ಜಿಯಾರ್ಡಿಯಾ, ಹಲ್ಲಿನ ಬುಡದ ಕೀವಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಇದಕ್ಕೆ ಬಗ್ಗುತ್ತವೆ. ವೈರಸ್ ಬಗ್ಗುವುದಿಲ್ಲ. ಮಕ್ಕಳ ನೀರು ಭೇದಿ ಬಹುಪಾಲು ವೈರಸ್‌ನಿಂದ ಬರುವುದರಿಂದ ಅಲ್ಲಿ ಬೇಕಾದದ್ದು ಓಆರ್‌ಎಸ್ ಮತ್ತು ಸತುವಿನ ಮಾತ್ರೆ.

ರಕ್ತ, ಲೋಳೆ ಬಿದ್ದರೆ ಅಮೀಬಾದಿಂದ ಬರುವ ಆಮಶಂಕೆಯ ಅನುಮಾನ ಸಹಜ. ಆದರೆ ಶಿಗೆಲ್ಲಾ ಬ್ಯಾಕ್ಟೀರಿಯಾದಿಂದಲೂ ರಕ್ತಭೇದಿ ಬರುತ್ತದೆ, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ. ಹಾಗಾಗಿ ಮಲ ಪರೀಕ್ಷೆ ಮಾಡಿಸಿ. ಮಲವನ್ನು ಅರ್ಧ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ತಡವಾದರೆ ಓಡಾಡುವ ಅಮೀಬಾ ಸತ್ತು, ಸೂಕ್ಷ್ಮದರ್ಶಕದ ಗಾಜಿನ ಮೇಲೆ ಗುರುತು ಸಿಗುವುದಿಲ್ಲ.

ಅಮೀಬಾ ಖಚಿತವಾದರೆ ದೊಡ್ಡವರಿಗೆ ಸಾಮಾನ್ಯವಾಗಿ 400ರಿಂದ 800 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 5ರಿಂದ 10 ದಿನ, ಊಟವಾದ ಮೇಲೆ. ಪ್ರಮಾಣ ನಿರ್ಧರಿಸುವವರು ವೈದ್ಯರು. ಮಕ್ಕಳಿಗಂತೂ ತೂಕ ನೋಡಿಯೇ ಕೊಡಬೇಕು.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವುದೇ ದೊಡ್ಡ ತಪ್ಪು. ಮಾತ್ರೆಯ ಬಹುಭಾಗ ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಹೋಗುತ್ತದೆ. ದೊಡ್ಡ ಕರುಳಿನೊಳಗೆ ಚಿಪ್ಪು ಕಟ್ಟಿಕೊಂಡು ಕೂತ ಅಮೀಬಾ, ಅಂದರೆ ಸಿಸ್ಟ್‌ಗಳು, ಉಳಿದುಬಿಡುತ್ತವೆ. ಭೇದಿ ನಿಂತಿರುತ್ತದೆ, ಮೈ ಹಗುರವಾಗಿರುತ್ತದೆ, ಆದರೂ ಆ ಮನುಷ್ಯ ಮನೆಮಂದಿಗೆ ರೋಗ ಹಂಚುತ್ತಿರುತ್ತಾನೆ. ತಿಂಗಳೆರಡು ತಿಂಗಳಲ್ಲಿ ತನಗೂ ಮರುಕಳಿಸಬಹುದು. ಇದಕ್ಕೆಂದೇ ಡೈಲೊಕ್ಸನೈಡ್ ಫ್ಯುರೊಯೇಟ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ, 10 ದಿನ ಕೊಡುವುದುಂಟು. ಚೀಟಿಯಲ್ಲಿ ಅದಿಲ್ಲದಿದ್ದರೆ ‘ಸಿಸ್ಟ್‌ಗೆ ಔಷಧ ಬೇಡವೇ ಡಾಕ್ಟ್ರೇ?’ ಎಂದು ದಯವಿಟ್ಟು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಬಾಯಿಗೆ ಲೋಹದ ರುಚಿ, ಓಕರಿಕೆ ಇದರಲ್ಲಿ ಸಾಮಾನ್ಯ, ಕೆಲವೊಮ್ಮೆ ಮೂತ್ರ ಕಂದುಬಣ್ಣಕ್ಕೂ ತಿರುಗಬಹುದು. ಇದಕ್ಕೆ ಹೆದರಿ ಅರ್ಧಕ್ಕೆ ಬಿಡಬೇಡಿ. ಕೈಕಾಲು ಜುಮುಗುಟ್ಟಿದರೆ, ಫಿಟ್ಸ್ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಿ. ಕೋರ್ಸ್ ಮುಗಿದು ಕನಿಷ್ಠ ಎರಡು ದಿನವಾಗುವವರೆಗೂ ಮದ್ಯ ಮುಟ್ಟಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಲಿವರ್ ತೊಂದರೆ ಇರುವವರು, ಗರ್ಭಿಣಿಯರು ಮೊದಲೇ ತಿಳಿಸಿ.

ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ಗೆ ಸಿಸ್ಟ್ ಸುಲಭವಾಗಿ ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ. ಮಂಡಕ್ಕಿಗೆ ಉದುರಿಸುವ ಹಸಿ ಈರುಳ್ಳಿ, ಕೊತ್ತಂಬರಿ ಹೆಚ್ಚುವ ಮುನ್ನ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಸೊಪ್ಪು ತೊಳೆಯುವುದಕ್ಕೂ ಕುದಿಸಿ ಆರಿಸಿದ ನೀರನ್ನೇ ಬಳಸಿ. ನಮಸ್ಕಾರ.