ಕುದಿಸಿದರೂ ಸಾಯದ ಬೂಷ್ಟು

ಕೇಳುಗರಿಗೆಲ್ಲ ನಮಸ್ಕಾರ.

ಕೊಪ್ಪಳದ ಕಡೆ ಕೇಸರ್ ಮಾವು ಮುಗಿಯುತ್ತ ಬಂದಂತೆ ನನ್ನ ಮುಂದೆ ಬರುವ ಪ್ರಶ್ನೆ ಒಂದೇ. "ರಸ ಛಲೋ ಕಾಸಿ, ಬಿಸಿ ಇದ್ದಾಗನ ಬಾಟಲಿಗೆ ತುಂಬಿದ್ವಿ ರೀ. ಆದ್ರೂ ಬೂಷ್ಟು ಹೆಂಗ ಬಂತು?" ಮುಚ್ಚಳ ಬಿಗಿಯಲಿಲ್ಲ ಅಂತ ಅತ್ತೆ, ಬಾಟಲಿ ಒಣಗಿಸಲಿಲ್ಲ ಅಂತ ಸೊಸೆ. ಒಮ್ಮೊಮ್ಮೆ ಇಬ್ಬರದೂ ತಪ್ಪಿರುವುದಿಲ್ಲ. ಹಣ್ಣಿಗೆ ಮೆತ್ತಿದ ಮಣ್ಣಿನ ಜೊತೆ ಬಂದದ್ದು ಅದು.

ಬಿಸೊಕ್ಲಾಮಿಸ್ ಎಂಬ ಬೂಷ್ಟಿನ ಜಾತಿಯಿದೆ. ಅದರದೇ ಒಂದು ಬಗೆ, ಬಿಸೊಕ್ಲಾಮಿಸ್ ಫುಲ್ವಾವನ್ನು, 1933ರಲ್ಲಿ ಇಂಗ್ಲೆಂಡಿನಲ್ಲಿ ಗುರುತಿಸಿದರು. ಸಂಸ್ಕರಿಸಿಟ್ಟ ಹಣ್ಣು ಕೆಡಿಸುತ್ತಿತ್ತು. ಇದರ ಎಳೆಗಳು ಕಾವಿಗೆ ಬೇಗ ಸಾಯುತ್ತವೆ. ಬೀಜಕಗಳದ್ದೇ, ಅಂದರೆ ಬೂಷ್ಟು ಮತ್ತೆ ಮೊಳೆಯುವ ಕಣ್ಣಿಗೆ ಕಾಣದ ಬೀಜಗಳದ್ದೇ, ತಕರಾರು. ತೊಗರಿ ಕಾಯಿಯೊಳಗೆ ಕಾಳಿದ್ದಂತೆ ಒಂದೊಂದು ಚೀಲದಲ್ಲಿ ಎಂಟೆಂಟು ಇರುತ್ತವೆ. 85 ಡಿಗ್ರಿಯ ರಸದಲ್ಲಿ ಹಲವು ನಿಮಿಷ ಬದುಕುತ್ತವೆ. ಇನ್ನೂ ಸೋಜಿಗವೆಂದರೆ, ಮಲಗಿದ್ದ ಬೀಜಕವನ್ನು ನಮ್ಮ ಬಿಸಿಯೇ ಎಬ್ಬಿಸುತ್ತದೆ! ಉಳಿದ ಬೂಷ್ಟೆಲ್ಲ ಸತ್ತು ಬಾಟಲಿಯಲ್ಲಿ ಪೈಪೋಟಿಯೇ ಇರುವುದಿಲ್ಲ, ಇದು ಆರಾಮಾಗಿ ಮೊಳೆಯುತ್ತದೆ. ಗಾಳಿ ತೀರಾ ಕಡಿಮೆಯಿದ್ದರೂ ಬೆಳೆಯುವುದರಿಂದ ಬಿಗಿ ಮುಚ್ಚಳಕ್ಕೂ ಜಗ್ಗುವುದಿಲ್ಲ. ಹಣ್ಣಿನ ತಿರುಳನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಟನ್ನು ಕರಗಿಸಿಬಿಡುತ್ತದೆ, ಹೋಳು ಚಮಚ ತಾಗಿದರೆ ಸಾಕು, ಕದಡಿಹೋಗುತ್ತದೆ.

ಈ ಜಾತಿಯ ಕೆಲವು ಬೂಷ್ಟು ಪಟುಲಿನ್ ಎಂಬ ವಿಷ ಬಿಡುತ್ತವೆ. 1943ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಇದನ್ನು ನೆಗಡಿಗೆ ಮದ್ದೆಂದು ಪರೀಕ್ಷಿಸಿದ್ದರು, ನೆಗಡಿಯೇನೂ ಹೋಗಲಿಲ್ಲ. ಈಗ ನಮ್ಮ ದೇಶದಲ್ಲಿ ಸೇಬಿನ ರಸದ ಒಂದು ಕಿಲೋಗೆ 50 ಮೈಕ್ರೋಗ್ರಾಂ ಮಾತ್ರ ಮಿತಿ. ಹುಳಿ ರಸದಲ್ಲಿ ಕಾಸಿದರೂ ಈ ವಿಷ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಹಾಗಾಗಿ ಕೆಲಸ ಒಲೆ ಹಚ್ಚುವ ಮೊದಲೇ ಇದೆ. ನೆಲಕ್ಕೆ ಬಿದ್ದ, ಸೀಳಿದ ಹಣ್ಣು ರಸಕ್ಕೆ ಬೇಡ. ಬಕೆಟ್ಟಿನ ಅದೇ ನೀರಿನಲ್ಲಿ ಐವತ್ತು ಹಣ್ಣು ಅದ್ದಿದರೆ ಮಣ್ಣು ಒಂದರಿಂದ ಇನ್ನೊಂದಕ್ಕೆ ಹತ್ತುತ್ತದೆ ಅಷ್ಟೆ. ಹರಿಯುವ ನೀರಿನಲ್ಲಿ, ತೊಟ್ಟಿನ ಸಂದಿ ಬಿಡದೆ ಉಜ್ಜಿ ತೊಳೆಯಿರಿ. ಬುಟ್ಟಿಯನ್ನೂ.

ಬಾಟಲಿಯಲ್ಲಿ ಬೂಷ್ಟು ಕಂಡರೆ ಮೇಲಿನದು ತೆಗೆದು ಉಳಿದದ್ದನ್ನು ಮತ್ತೊಮ್ಮೆ ಕಾಸುವ ಉಳಿತಾಯ ಬೇಡ. ಎಮ್ಮೆಯ ಮುಸುರೆಗೂ ಸುರಿಯಬೇಡಿ.

ನಮಸ್ಕಾರ.